ಹಾಡುವ ಪರದೆಗೆ ಮನೆಯಲ್ಲಿ ಜಾಗವಿದೆಯೇ?

ಸ್ಪೀಕರ್ ಎಂದೊಡನೆ ಎಲ್ಲರ ಕಣ್ಣಮುಂದೆ ಬರುವುದು ಒಂದು ಪೆಟ್ಟಿಗೆ. ಗಣಪತಿ ಪೆಂಡಾಲಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಕರಿಯ ಪೆಟ್ಟಿಗೆಗಳಿರಲಿ, ಅಡುಗೆಮನೆಯ ಕಟ್ಟೆಯ ಮೇಲಿನ ಅಂಗೈಯಗಲದ ಬ್ಲೂಟೂತ್ ಡಬ್ಬಿಯಿರಲಿ, ಒಳಗೆ ಕೆಲಸ ಮಾಡುವುದು ಹೆಚ್ಚುಕಡಿಮೆ ಒಂದೇ ಬಗೆಯ ಸಾಧನ. ಆದರೆ ಪೆಟ್ಟಿಗೆಯೇ ಇಲ್ಲದ ಸ್ಪೀಕರುಗಳೂ ಇವೆ. ಅವುಗಳ ಸಣ್ಣ ಮಾದರಿ ಎಂದರೆ ಸುಮಾರು ನಾಲ್ಕು ಅಡಿ ಎತ್ತರ, ಒಂದೂಕಾಲು ಅಡಿ ಅಗಲ, ಒಂದಂಗುಲದಷ್ಟು ದಪ್ಪ. ಮೇಲೆ ಬಟ್ಟೆ ಹೊದಿಸಿದ ಒಂದು ಚೌಕಟ್ಟು. ಮೊದಲ ಸಲ ನೋಡಿದವರು ಅದನ್ನು ಕೋಣೆ ಮರೆಮಾಡುವ ಪರದೆ ಎಂದುಕೊಂಡಾರೇ ಹೊರತು, ಹಾಡುವ ಸಾಧನ ಎಂದುಕೊಳ್ಳಲಾರರು. ಇವಕ್ಕೆ ಪ್ಲೇನಾರ್ ಸ್ಪೀಕರ್ ಎಂದು ಹೆಸರು. ನಾವು ಇಲ್ಲಿ ಫಲಕ ಸ್ಪೀಕರ್ ಎನ್ನೋಣ.

ಮನೆಗೆ ಮೊದಲ ಬಾರಿ ಒಳ್ಳೆಯ ಸ್ಟೀರಿಯೊ ತರಬೇಕೆಂದು ಹಣ ಕೂಡಿಟ್ಟವರಲ್ಲಿ ಕೆಲವರ ಕಣ್ಣು ಈ ಫಲಕಗಳ ಮೇಲೆ ಬೀಳುವುದುಂಟು. ಒಮ್ಮೆ ಕೇಳಿದವರು ಮರೆಯುವುದಿಲ್ಲ. ಹಾಡುವವರ ದನಿ ಡಬ್ಬಿಯೊಳಗಿಂದ ಬಂದಂತೆ ಇರದೆ, ಎದುರಿಗೆ ಕುಳಿತವರ ಬಾಯಿಂದಲೇ ಬಂದಂತೆ ಇರುತ್ತದೆ. ಆದರೆ ಕೊಳ್ಳುವ ಮೊದಲು ತಿಳಿದಿರಬೇಕಾದ ಮಾತೊಂದಿದೆ. ಈ ಸ್ಪೀಕರುಗಳು ಹಣದ ಜೊತೆಗೆ ಜಾಗವನ್ನೂ ಕೇಳುತ್ತವೆ. ಗೋಡೆಗೆ ಒರಗಿಸಿಟ್ಟರೆ ಅವು ತಮ್ಮ ಗುಣ ತೋರಿಸುವುದಿಲ್ಲ. ಹಾಲಿನ ನಡುವಿಗೆ ಬಂದು ನಿಲ್ಲಬೇಕು. ಅಂದರೆ ಈ ಖರೀದಿಗೆ ಕೊಳ್ಳುವವರ ಒಪ್ಪಿಗೆ ಮಾತ್ರ ಸಾಲದು, ಅಜ್ಜಿಯಿಂದ ಹಿಡಿದು ಹಾಲಿನಲ್ಲಿ ಕ್ರಿಕೆಟ್ ಆಡುವ ಮಗುವಿನವರೆಗೆ ಮನೆಯವರೆಲ್ಲರ ಒಪ್ಪಿಗೆ ಬೇಕು.

ಒಂದು ಹಾಳೆ ಕಾಗದದ ಪಾಠ

ಮಕ್ಕಳೇ, ದಿನಪತ್ರಿಕೆಯ ಒಂದು ಹಾಳೆ ತೆಗೆದುಕೊಳ್ಳಿ. ಎರಡೂ ಕೈಗಳಿಂದ ಅಂಚು ಹಿಡಿದು ಬಿಗಿಯಾಗಿ ಎಳೆಯಿರಿ. ಅದನ್ನು ಬಾಯಿಯ ಹತ್ತಿರ ತಂದು, ತಾಗಿಸದೆ, 'ಊ...' ಎಂದು ಗಟ್ಟಿಯಾಗಿ ಹೇಳಿ. ಬೆರಳಿಗೆ ಸಣ್ಣದೊಂದು ಕಂಪನ ತಿಳಿಯುತ್ತದೆ, ಅಲ್ಲವೇ? ನಿಮ್ಮ ದನಿ ಗಾಳಿಯನ್ನು ಅಲುಗಿಸಿತು, ಗಾಳಿ ಹಾಳೆಯನ್ನು ಅಲುಗಿಸಿತು. ಈಗ ಇದನ್ನೇ ತಿರುಗಿಸಿ ಯೋಚಿಸಿ. ಯಾರಾದರೂ ಆ ಹಾಳೆಯನ್ನು ಅದೇ ರೀತಿ ಅಲುಗಿಸಿದರೆ? ಹಾಳೆ ಗಾಳಿಯನ್ನು ಅಲುಗಿಸುತ್ತದೆ. ಗಾಳಿ ನಮ್ಮ ಕಿವಿಯ ತಮಟೆಯನ್ನು ಅಲುಗಿಸುತ್ತದೆ. ನಮಗೆ 'ಊ' ಎಂದು ಕೇಳಿಸುತ್ತದೆ. ಫಲಕ ಸ್ಪೀಕರ್ ಎಂದರೆ ಹೀಗೆ ಅಲುಗುವ ಹಾಳೆ.

ಕಾಗದದ ಬದಲು ಅಲ್ಲಿ ಬಹಳ ತೆಳುವಾದ ಪಾಲಿಯೆಸ್ಟರ್ ಹಾಳೆ ಇರುತ್ತದೆ. ಅದನ್ನು ಚೌಕಟ್ಟಿಗೆ ತಮಟೆಯ ಚರ್ಮದ ಹಾಗೆ ಎಳೆದು ಕಟ್ಟಿರುತ್ತಾರೆ. ಹಾಳೆಯ ಮೇಲೆ ಉದ್ದಕ್ಕೂ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡುವ ಸಣ್ಣ ತಂತಿಯನ್ನು ಅಂಟಿಸಿರುತ್ತಾರೆ. ಹಾಳೆಯ ಹಿಂದೆ ತೂತುಗಳಿರುವ ಉಕ್ಕಿನ ತಗಡು, ಅದರ ಮೇಲೆ ಸಾಲುಸಾಲಾಗಿ ಅಯಸ್ಕಾಂತದ ಪಟ್ಟಿಗಳು. ಆಂಪ್ಲಿಫೈಯರಿನಿಂದ ಬಂದ ವಿದ್ಯುತ್ತು ತಂತಿಯಲ್ಲಿ ಹರಿದಾಗ, ಅಯಸ್ಕಾಂತದ ಬಲ ಆ ತಂತಿಯನ್ನು ಹಿಂದಕ್ಕೋ ಮುಂದಕ್ಕೋ ತಳ್ಳುತ್ತದೆ. ಹತ್ತನೆಯ ತರಗತಿಯಲ್ಲಿ ಓದುವ ಫ್ಲೆಮಿಂಗನ ಎಡಗೈ ನಿಯಮ ಇದೇ. ತಂತಿಯ ಜೊತೆಗೆ ಹಾಳೆಯೂ ಅಲುಗುತ್ತದೆ.

ಪೆಟ್ಟಿಗೆಯ ಸ್ಪೀಕರಿನಲ್ಲೂ ನಿಯಮ ಇದೇ. ಆದರೆ ಅಲ್ಲಿ ತಂತಿಯ ಸುರುಳಿಯೊಂದು ಕಾಗದದ ಶಂಕುವಿನ ಬುಡಕ್ಕೆ ಅಂಟಿರುತ್ತದೆ. ಬುಡವನ್ನು ತಳ್ಳಿದರೆ ಇಡೀ ಶಂಕು ಚಲಿಸಬೇಕು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ರೂಪಿಸಿದ ಈ ವಿಧಾನವೇ ಇಂದಿಗೂ ಲೋಕವನ್ನು ಆಳುತ್ತಿದೆ. ಫಲಕದಲ್ಲಿ ಹಾಗಲ್ಲ. ಒಂದು ಮೂಲೆ ಹಿಡಿದು ಜಮಖಾನ ಎಳೆಯುವುದಕ್ಕೂ, ಹತ್ತು ಜನ ಸುತ್ತ ನಿಂತು ಒಟ್ಟಿಗೆ ಎತ್ತುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಹಾಳೆಯ ಉದ್ದಗಲಕ್ಕೂ ತಂತಿ ಹರಡಿರುವುದರಿಂದ ಎಲ್ಲೆಡೆ ಒಟ್ಟಿಗೆ ತಳ್ಳು ಸಿಗುತ್ತದೆ. ಹಾಳೆ ಹಗುರ, ಆದ್ದರಿಂದ ಬೇಗ ಹೊರಡುತ್ತದೆ, ಬೇಗ ನಿಲ್ಲುತ್ತದೆ. ವೀಣೆಯ ತಂತಿ ಮೀಟಿದ ಆ ಚುರುಕು ಮೊದಲ ಕ್ಷಣ ಸ್ಪಷ್ಟವಾಗಿ ಕೇಳುವುದು ಇದರಿಂದಲೇ.

ಫಲಕಗಳಲ್ಲಿ ಇನ್ನೊಂದು ಪಂಗಡವೂ ಉಂಟು. ಅದರಲ್ಲಿ ಅಯಸ್ಕಾಂತವಿಲ್ಲ. ಸಾವಿರಾರು ವೋಲ್ಟಿನ ವಿದ್ಯುದಾವೇಶ ಪಡೆದ ಹಾಳೆಯನ್ನು ತೂತುಗಳಿರುವ ಎರಡು ತಗಡುಗಳು ಎಳೆದಾಡುತ್ತವೆ. ಇದು ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್. ಇಂಗ್ಲೆಂಡಿನ ಹಂಟಿಂಗ್ಡನ್ ಊರಿನ ಪೀಟರ್ ವಾಕರ್ ಅವರ ಕ್ವಾಡ್ ಕಂಪನಿ 1957ರಲ್ಲಿ ಇಂಥದ್ದೊಂದನ್ನು ಮಾರುಕಟ್ಟೆಗೆ ತಂದಿತು. ಮನುಷ್ಯರ ದನಿಯನ್ನು ಅದು ನುಡಿಸುತ್ತಿದ್ದ ರೀತಿಗೆ ಇಂದಿಗೂ ಮಾರುಹೋಗುವವರಿದ್ದಾರೆ.

ಅಯಸ್ಕಾಂತದ ಫಲಕವನ್ನು ಮನೆಮನೆಗೆ ತಂದವರು ಅಮೆರಿಕದ ಜಿಮ್ ವೈನಿ. ಮಿನ್ನೆಸೋಟ ರಾಜ್ಯದಲ್ಲಿ 3ಎಂ ಕಂಪನಿಯ ಇಂಜಿನಿಯರ್ ಆಗಿದ್ದ ಅವರಿಗೆ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರಿನ ನಾದ ಬಹಳ ಹಿಡಿಸಿತ್ತು. ಸಾವಿರಾರು ವೋಲ್ಟಿನ ಗೊಡವೆಯಿಲ್ಲದೆ ಅದೇ ನಾದ ತರಲು ಸಾಧ್ಯವೇ ಎಂದು ಯೋಚಿಸಿದ ಅವರಿಗೆ ದಾರಿ ತೋರಿಸಿದ್ದು ಬಾಗುವ ರಬ್ಬರಿನಂಥ ಅಯಸ್ಕಾಂತ. ನಮ್ಮ ಫ್ರಿಜ್ಜಿನ ಬಾಗಿಲ ಅಂಚಿನಲ್ಲಿರುವುದೂ ಇದೇ ಜಾತಿಯದು. 1969ರಲ್ಲಿ ಅವರು ಮ್ಯಾಗ್ನೆಪ್ಯಾನ್ ಕಂಪನಿ ಕಟ್ಟಿದರು. ವೈಟ್ ಬೇರ್ ಲೇಕ್ ಎಂಬ ಊರಿನಲ್ಲಿ ನೆಲೆಯೂರಿದ ಆ ಕಂಪನಿಯ ಹೆಸರು ಇಂದು ಫಲಕ ಸ್ಪೀಕರಿಗೇ ಪರ್ಯಾಯದಂತಾಗಿದೆ. ಮೊದಲ ಸ್ಟೀರಿಯೊಗೆ ಅಯಸ್ಕಾಂತದ ಫಲಕವೇ ಹೆಚ್ಚು ಅನುಕೂಲ. ಎಲೆಕ್ಟ್ರೋಸ್ಟಾಟಿಕ್ ಫಲಕಕ್ಕೆ ಗೋಡೆಯ ಪ್ಲಗ್ಗಿನಿಂದ ಪ್ರತ್ಯೇಕ ಕರೆಂಟು ಬೇಕು, ಇದಕ್ಕೆ ಬೇಡ.

ಬೆನ್ನ ಹಿಂದೆಯೂ ಹಾಡುವ ಸ್ಪೀಕರ್

ಜಾಗದ ಪ್ರಶ್ನೆ ಏಕೆ ಬರುತ್ತದೆ ಎಂಬುದನ್ನು ಈಗ ನೋಡೋಣ. ಹಾಳೆ ಮುಂದಕ್ಕೆ ಬಂದಾಗ ಮುಂದಿನ ಗಾಳಿಯನ್ನು ಒತ್ತುತ್ತದೆ. ಅದೇ ಕ್ಷಣ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಅಂದರೆ ಫಲಕದ ಮುಂದೆ ಎಷ್ಟು ಸದ್ದು ಹೊರಡುತ್ತದೋ ಹಿಂದೆಯೂ ಅಷ್ಟೇ ಹೊರಡುತ್ತದೆ, ಆದರೆ ತಲೆಕೆಳಗಾಗಿ. ಮಾಮೂಲಿ ಸ್ಪೀಕರಿನಲ್ಲಿ ಹಿಂದಿನ ಸದ್ದನ್ನು ಹಿಡಿದಿಡಲೆಂದೇ ಪೆಟ್ಟಿಗೆ ಇರುವುದು. ಫಲಕಕ್ಕೆ ಪೆಟ್ಟಿಗೆಯಿಲ್ಲ, ಹಿಂದಿನ ಸದ್ದು ಗೋಡೆಗೆ ಹೋಗಿ ಬಡಿದು ಕೋಣೆಗೆ ವಾಪಸು ಬರುತ್ತದೆ.

ಅದು ಎಷ್ಟು ತಡವಾಗಿ ಬರುತ್ತದೆ ಎಂಬುದೇ ಮುಖ್ಯ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್, ಅಂದರೆ 1,100 ಅಡಿಗೂ ಸ್ವಲ್ಪ ಹೆಚ್ಚು ಓಡುತ್ತದೆ. ಫಲಕ ಗೋಡೆಯಿಂದ ಒಂದು ಅಡಿ ಮುಂದಿದ್ದರೆ, ಹಿಂದಿನ ಸದ್ದು ಹೋಗಿ ಬರಲು ಎರಡು ಅಡಿ ಹೆಚ್ಚು ದಾರಿ. ಎರಡು ಮಿಲಿಸೆಕೆಂಡಿಗಿಂತ ಕಡಿಮೆ ತಡ. ಇಷ್ಟು ಸಣ್ಣ ತಡವನ್ನು ನಮ್ಮ ಮಿದುಳು ಬೇರೆ ಮಾಡಿ ನೋಡಲಾರದು. ಮೊದಲ ಸದ್ದಿಗೆ ಇದನ್ನೂ ಕಲಸಿಬಿಡುತ್ತದೆ. ಒದ್ದೆ ಕಾಗದದ ಮೇಲೆ ಶಾಯಿ ಹರಡಿದಂತೆ ದನಿ ಮಬ್ಬಾಗುತ್ತದೆ. ಫಲಕ ನಾಲ್ಕು ಅಡಿ ಮುಂದಿದ್ದರೆ ಎಂಟು ಅಡಿ ದಾರಿ, ಸುಮಾರು ಏಳು ಮಿಲಿಸೆಕೆಂಡ್ ತಡ. ಆಗ ಮೊದಲ ಸದ್ದು ಸ್ಪಷ್ಟವಾಗಿ ಉಳಿಯುತ್ತದೆ; ಹಿಂದಿನಿಂದ ಬಂದದ್ದು ಕೋಣೆಗೆ ಆಳವನ್ನು ಕೊಡುತ್ತದೆ. ಗೋಡೆಯಾಚೆಗೂ ವೇದಿಕೆ ಇದೆಯೇನೋ ಎನ್ನಿಸುವುದು ಇದರಿಂದ.

ಈ ಗುಣದಿಂದ ಒಂದು ಲಾಭವೂ ಇದೆ. ಫಲಕದ ಅಂಚಿಗೆ ನೇರವಾಗಿ, ಪಕ್ಕದಲ್ಲಿ ನಿಂತು ಕೇಳಿದರೆ ಸದ್ದು ತಟ್ಟನೆ ತಗ್ಗುತ್ತದೆ. ಮುಂದಿನ ಒತ್ತಡವೂ ಹಿಂದಿನ ಸೆಳೆತವೂ ಅಲ್ಲಿ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಹೀಗಾಗಿ ಅಕ್ಕಪಕ್ಕದ ಗೋಡೆಗಳಿಂದ ಬರುವ ಮಾರ್ದನಿಯ ಕಾಟ ಕಡಿಮೆ. ಮನೆಗೆ ತಂದ ಮೇಲೆ ಮಕ್ಕಳು ಫಲಕದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸದ್ದು ಎಲ್ಲಿ ಮಾಯವಾಗುತ್ತದೆ ಎಂದು ಹುಡುಕಲಿ. ವಿಜ್ಞಾನದ ಪಾಠವೂ ಆಯಿತು, ಆಟವೂ ಆಯಿತು.

ಮೊದಲು ರಟ್ಟಿನ ಸ್ಪೀಕರ್

ಅಂಗಡಿಗೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ಪರಿಚಯದ ಅಂಗಡಿಯಿಂದ ಫ್ರಿಜ್ಜು ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಕೇಳಿ ತನ್ನಿ. ನೀವು ಕೊಳ್ಳಬೇಕೆಂದಿರುವ ಫಲಕದ ಎತ್ತರ, ಅಗಲಕ್ಕೆ ಸರಿಯಾಗಿ ಎರಡು ತುಂಡು ಕತ್ತರಿಸಿ, ಹಿಂದೆ ಊರುಗೋಲು ಕೊಟ್ಟು ನಿಲ್ಲಿಸಿ. ಮಕ್ಕಳಿಗೆ ಬಣ್ಣ ಬಳಿಯುವ ಕೆಲಸ ಕೊಡಿ. ಖರ್ಚು ಅಂಟು, ಕತ್ತರಿ ಇಷ್ಟೇ. ಸ್ಪೀಕರ್ ನಿಲ್ಲಬೇಕಾದ ಜಾಗದಲ್ಲೇ ಈ ರಟ್ಟುಗಳನ್ನು ಒಂದು ವಾರ ಇರಗೊಡಿ.

ಆ ಒಂದು ವಾರ ಮನೆಯೇ ನಿಮಗೆ ಉತ್ತರ ಹೇಳುತ್ತದೆ. ಬಾಲ್ಕನಿಯ ಬಾಗಿಲು ಪೂರ್ತಿ ತೆರೆಯುತ್ತದೆಯೇ? ದೇವರ ಮನೆಗೆ ಹೋಗುವ ದಾರಿಗೆ ಅಡ್ಡ ಬರುತ್ತದೆಯೇ? ರಾತ್ರಿ ನೀರು ಕುಡಿಯಲು ಎದ್ದ ಹಿರಿಯರು ಎಡವುತ್ತಾರೆಯೇ? ಗುಡಿಸುವಾಗ, ಒರೆಸುವಾಗ ಎಷ್ಟು ಸಲ ಪಕ್ಕಕ್ಕೆ ಸರಿಸಬೇಕಾಗುತ್ತದೆ? ನೆಂಟರು ಬಂದ ದಿನ ಕುರ್ಚಿ ಹಾಕಲು ಜಾಗ ಉಳಿಯುತ್ತದೆಯೇ? ರಟ್ಟು ಬಿದ್ದರೆ ಎತ್ತಿ ನಿಲ್ಲಿಸಬಹುದು. ಅದೇ ನಿಜವಾದ ಫಲಕ ಮಗುವಿನ ಮೇಲೆ ಬಿದ್ದರೆ? ವಾರದ ಕೊನೆಗೆ ಮನೆಯವರು 'ಇರಲಿ ಬಿಡಿ' ಎಂದರೆ ಕೊಳ್ಳಿ. 'ಇದನ್ನು ಯಾವಾಗ ತೆಗೆಯುತ್ತೀರಿ?' ಎಂದು ದಿನಕ್ಕೆರಡು ಸಲ ಕೇಳಿದರೆ, ಆ ಹಣಕ್ಕೆ ಒಳ್ಳೆಯ ಪೆಟ್ಟಿಗೆ ಸ್ಪೀಕರ್ ತರುವುದೇ ಮೇಲು. ಗೋಡೆಗೆ ನೂಕಿಟ್ಟ ಫಲಕಕ್ಕಿಂತ ಗೋಡೆಯ ಹತ್ತಿರ ಹೊಂದಿಕೊಳ್ಳುವ ಪುಟ್ಟ ಪೆಟ್ಟಿಗೆ ಚೆನ್ನಾಗಿ ಹಾಡುತ್ತದೆ. ಹತ್ತು ಅಡಿ ಚೌಕದ ಕೋಣೆಯಷ್ಟೇ ಇದ್ದರೂ ಇದೇ ಮಾತು.

ರಂಗೋಲಿಯ ಚುಕ್ಕೆ ಇಡುವ ಲೆಕ್ಕ

ಉದಾಹರಣೆಗೆ 12 ಅಡಿ ಅಗಲ, 15 ಅಡಿ ಉದ್ದದ ಹಾಲ್ ತೆಗೆದುಕೊಳ್ಳೋಣ. ಫಲಕಗಳು 12 ಅಡಿಯ ಗೋಡೆಯ ಕಡೆ ನಿಲ್ಲಲಿ. ಗೋಡೆಯಿಂದ 4 ಅಡಿ ಮುಂದಕ್ಕೆ ಸೀಮೆಸುಣ್ಣದಿಂದಲೋ ರಂಗೋಲಿ ಪುಡಿಯಿಂದಲೋ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ ಎರಡು ಚುಕ್ಕೆ ಇಡಿ. ಅವುಗಳ ನಡುವೆ 7 ಅಡಿ. ಆಗ ಎರಡೂ ಪಕ್ಕಗಳಲ್ಲಿ ಗೋಡೆಗೆ ಎರಡೂವರೆ ಅಡಿ ಸಮನಾಗಿ ಉಳಿಯುತ್ತದೆ. ಚುಕ್ಕೆಗಳು ಫಲಕದ ನಡುಭಾಗ. ಗೆರೆಯಿಂದ 7 ಅಡಿ ಹಿಂದೆ, ಸರಿಯಾಗಿ ಮಧ್ಯಕ್ಕೆ ಇನ್ನೊಂದು ಚುಕ್ಕೆ ಇಡಿ. ಅದು ಕೇಳುವವರ ತಲೆ ಇರುವ ಜಾಗ. ತಲೆಯ ಹಿಂದೆ ಇನ್ನೂ 4 ಅಡಿ ಖಾಲಿ. ನಾಲ್ಕು, ಏಳು, ನಾಲ್ಕು. ಹದಿನೈದಕ್ಕೆ ಲೆಕ್ಕ ಸರಿಹೋಯಿತು.

ಕೇಳುವವರಿಂದ ಎರಡೂ ಫಲಕಗಳಿಗೆ ಇರುವ ದೂರ ಸಮನಾಗಿರಲೇಬೇಕು. ಇದಕ್ಕೆ ಟೇಪೂ ಬೇಡ, ಒಂದು ದಾರ ಸಾಕು. ಒಬ್ಬರು ದಾರದ ತುದಿಯನ್ನು ಕುರ್ಚಿಯ ಒರಗಿನ ಮಧ್ಯಕ್ಕೆ ಹಿಡಿಯಲಿ, ಇನ್ನೊಬ್ಬರು ಎಡಫಲಕಕ್ಕೆ ಎಳೆದು ಗುರುತು ಹಾಕಿ, ಅದೇ ದಾರವನ್ನು ಬಲಫಲಕಕ್ಕೆ ಒಯ್ಯಲಿ. ಅರ್ಧ ಅಂಗುಲದ ವ್ಯತ್ಯಾಸವನ್ನೂ ತಿದ್ದಿ. ಆಮೇಲೆ ಎರಡೂ ಫಲಕಗಳನ್ನು ಕೇಳುವವರ ಕಡೆಗೆ ಸ್ವಲ್ಪವೇ ತಿರುಗಿಸಿ. ಎರಡರ ತಿರುವೂ ಒಂದೇ ಆಗಿರಲಿ.

ಅನೇಕ ಫಲಕಗಳನ್ನು ಎಡ, ಬಲ ಎಂದು ಕನ್ನಡಿಯ ಪ್ರತಿಬಿಂಬದಂತೆ ತಯಾರಿಸಿರುತ್ತಾರೆ. ಸಣ್ಣ ಸ್ವರಗಳನ್ನು ನುಡಿಸುವ ಕಿರಿದಾದ ಪಟ್ಟಿ ಒಂದು ಅಂಚಿಗಿರುತ್ತದೆ. ಆ ಅಂಚುಗಳು ಒಳಗಡೆಗೆ ಬರುವಂತೆ ಒಂದು ದಿನ, ಹೊರಗಡೆಗೆ ಬರುವಂತೆ ಇನ್ನೊಂದು ದಿನ ಇಟ್ಟು ಕೇಳಿ. ನಿಮ್ಮ ಕೋಣೆಗೆ ಯಾವುದು ಹಿತವೋ ಅದನ್ನು ಇಟ್ಟುಕೊಳ್ಳಿ.

ಬಲವಾದ ಎತ್ತು ಬೇಕು

ಫಲಕಗಳು ಹಗುರವಾಗಿ ಕಂಡರೂ ಆಂಪ್ಲಿಫೈಯರಿಗೆ ಭಾರವಾದ ಗಾಡಿಗಳೇ. ಬಹಳಷ್ಟು ಫಲಕಗಳು 4 ಓಮ್ ಲೆಕ್ಕದವು. ಮಾಮೂಲಿ 8 ಓಮ್ ಸ್ಪೀಕರಿಗಿಂತ ಎರಡು ಪಟ್ಟು ಕರೆಂಟನ್ನು ಅವು ಎಳೆಯುತ್ತವೆ. ಅಲ್ಲದೆ, ಅಷ್ಟೇ ಸದ್ದಿಗೆ ಹೆಚ್ಚು ವ್ಯಾಟ್ ಬೇಡುತ್ತವೆ.

ವ್ಯಾಟಿನ ಲೆಕ್ಕವೂ ಸೋಜಿಗದ್ದು. ಸದ್ದನ್ನು 3 ಡೆಸಿಬೆಲ್ ಏರಿಸಲು ಎರಡು ಪಟ್ಟು ವ್ಯಾಟ್ ಬೇಕು. 10 ಡೆಸಿಬೆಲ್ ಏರಿಸಲು ಹತ್ತು ಪಟ್ಟು. ಅಷ್ಟಾದರೂ ನಮ್ಮ ಕಿವಿಗೆ ಅದು ಸುಮಾರು ಇಮ್ಮಡಿ ಸದ್ದು ಅನ್ನಿಸುತ್ತದೆ, ಅಷ್ಟೇ. ಮೆಲ್ಲಗೆ ಆಲಾಪನೆ ನಡೆಯುವಾಗ 5 ವ್ಯಾಟ್ ಸಾಕಾಗಿದ್ದ ಜಾಗದಲ್ಲಿ, ಮೃದಂಗದ ಒಂದು ಗಟ್ಟಿ ಪೆಟ್ಟಿಗೆ ಕ್ಷಣಮಾತ್ರ 50 ವ್ಯಾಟ್ ಬೇಕಾಗಬಹುದು. ಅದನ್ನು ಕೊಡಲಾರದ ಆಂಪ್ಲಿಫೈಯರ್ ಆ ಪೆಟ್ಟನ್ನು ಚಪ್ಪಟೆ ಮಾಡಿ, ಕರ್ಕಶವಾಗಿ ಒಪ್ಪಿಸುತ್ತದೆ.

ಆದ್ದರಿಂದ ಆಂಪ್ಲಿಫೈಯರ್ ಕೊಳ್ಳುವಾಗ ಹೊರಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಯನ್ನು ನಂಬಿ ಕೂರಬೇಡಿ. ಕೈಪಿಡಿ ತೆರೆದು, 8 ಓಮಿನಲ್ಲಿ ಎಷ್ಟು ವ್ಯಾಟ್, 4 ಓಮಿನಲ್ಲಿ ಎಷ್ಟು ವ್ಯಾಟ್ ಎಂದು ನೋಡಿ. 8 ಓಮಿನಲ್ಲಿ 50, 4 ಓಮಿನಲ್ಲಿ 80ರಿಂದ 100 ಎಂದಿದ್ದರೆ ಅದು ಗಟ್ಟಿ ಎತ್ತು. 4 ಓಮಿನ ಮಾತೇ ಇಲ್ಲದಿದ್ದರೆ ಕೆಳಗಿಡಿ. ಮೇಲೆ ಹೇಳಿದ ಅಳತೆಯ ಹಾಲಿಗೆ, ಮನೆಮಂದಿ ಹಿತವಾಗಿ ಕೇಳುವ ಮಟ್ಟಕ್ಕೆ, 4 ಓಮಿನಲ್ಲಿ ನೂರು ವ್ಯಾಟಿನ ಆಸುಪಾಸು ಒಳ್ಳೆಯ ಆರಂಭ. ಅಮೆರಿಕದಲ್ಲಿರುವ ನೆಂಟರು ಅಲ್ಲಿಂದ ಆಂಪ್ಲಿಫೈಯರ್ ತರುವುದಾದರೆ ಇನ್ನೊಂದು ಎಚ್ಚರಿಕೆ. ಅಲ್ಲಿನ ಮನೆಗಳ ಕರೆಂಟು 120 ವೋಲ್ಟ್, ನಮ್ಮದು 230. ಎರಡಕ್ಕೂ ಹೊಂದುವ ಮಾದರಿಯೇ ಎಂದು ಹಿಂಬದಿಯ ಚೀಟಿ ಓದದೆ ಪ್ಲಗ್ಗಿಗೆ ಹಾಕಬೇಡಿ.

ತಂತಿಗೆ ಬಂಗಾರದ ಬೆಲೆ ಕೊಡಬೇಕಿಲ್ಲ. ಐದಾರು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ಎಳೆತಂತಿ ಧಾರಾಳವಾಗಿ ಸಾಕು. ಆಂಪ್ಲಿಫೈಯರ್ ಆರಿಸಿದ ಮೇಲೆಯೇ ತಂತಿ ಜೋಡಿಸಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಎಳೆಯೂ ಪಕ್ಕದ ತಿರುಪಿಗೆ ತಾಗಬಾರದು. ಒಂದು ಫಲಕಕ್ಕೆ ಮಾತ್ರ ಕೆಂಪು ಕಪ್ಪು ಅದಲುಬದಲಾದರೆ, ಒಂದು ಹಾಳೆ ಮುಂದಕ್ಕೆ ಬರುವಾಗ ಇನ್ನೊಂದು ಹಿಂದಕ್ಕೆ ಹೋಗುತ್ತದೆ. ಕೇಡೇನೂ ಆಗದು, ಆದರೆ ಮಂದ್ರಸ್ವರ ಕರಗಿಹೋಗುತ್ತದೆ. ಗಾಯಕರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ.

ಹಾಡಿನ ಮೂಲಕ್ಕೆ ಮೊದಲ ದಿನವೇ ಹೆಚ್ಚು ಸುರಿಯಬೇಡಿ. ಮನೆಯಲ್ಲಿರುವ ಸಿ.ಡಿ. ಪ್ಲೇಯರೋ, ತಂತಿಯಿಂದ ಜೋಡಿಸಿದ ಕಂಪ್ಯೂಟರೋ, ಫೋನೋ ಆರಂಭಕ್ಕೆ ಸಾಕು. ಉಳಿದ ಹಣವನ್ನು ಆಂಪ್ಲಿಫೈಯರಿಗೆ ಹಾಕಿ.

ಚಪ್ಪಾಳೆ ತಟ್ಟಿ ನೋಡಿ

ಹಾಲಿನ ಮಧ್ಯೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. 'ಝರ್‍ರ್' ಎಂದು ಲೋಹದಂಥ ಮಾರ್ದನಿ ಬಂದರೆ, ಎದುರುಬದುರಿನ ಬೋಳು ಗೋಡೆಗಳ ನಡುವೆ ಸದ್ದು ಚೆಂಡಾಡುತ್ತಿದೆ ಎಂದರ್ಥ. ನಮ್ಮ ಮನೆಗಳ ಗ್ರಾನೈಟ್ ನೆಲ, ಸುಣ್ಣಬಣ್ಣದ ಗೋಡೆ, ಗಾಜಿನ ಕಿಟಕಿ ಸದ್ದನ್ನು ಹಾಗೆಯೇ ವಾಪಸು ಎಸೆಯುತ್ತವೆ. ಫಲಕವಂತೂ ಹಿಂದಕ್ಕೂ ಹಾಡುವುದರಿಂದ ಕೋಣೆಯ ಗುಣದೋಷ ಎರಡನ್ನೂ ಎತ್ತಿ ತೋರಿಸುತ್ತದೆ.

ಇದಕ್ಕೆ ಮದ್ದು ಮನೆಯಲ್ಲೇ ಇದೆ. ಫಲಕಕ್ಕೂ ಕುರ್ಚಿಗೂ ನಡುವೆ ಜಮಖಾನ ಹಾಸಿ. ನವಲಗುಂದದ ಜಮಖಾನ ಇದ್ದರೆ ಹಾಲಿಗೆ ಅಂದವೂ ಬಂತು. ಆದರೆ ತೆಳು ಹತ್ತಿಯ ಹಾಸು ಸಣ್ಣ ಸ್ವರಗಳನ್ನಷ್ಟೇ ಹೀರುತ್ತದೆ. ದಪ್ಪ ಸ್ವರಗಳಿಗೆ ದಪ್ಪ ವಸ್ತುವೇ ಬೇಕು. ಹತ್ತಿ ತುಂಬಿದ ಸೋಫಾ, ಮೂಲೆಯಲ್ಲಿ ಮಡಚಿಟ್ಟ ಹಾಸಿಗೆ ಉಪಯೋಗಕ್ಕೆ ಬರುತ್ತವೆ. ಫಲಕಗಳ ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಬಹಳ ಒಳ್ಳೆಯದು. ಎತ್ತರ, ಗಾತ್ರ ಬೇರೆಬೇರೆಯಾದ ಪುಸ್ತಕಗಳು ಸದ್ದನ್ನು ಚದುರಿಸಿ ಕಳಿಸುತ್ತವೆ. ಎಲ್ಲ ಗೋಡೆಗೂ ಪರದೆ ಹಾಕಿ ಮುಚ್ಚಿಬಿಡಬೇಡಿ. ಹಾಗೆ ಮಾಡಿದರೆ ಹಾಡಿನ ಉಸಿರು ಕಟ್ಟುತ್ತದೆ. ಕೇಳುವಾಗ ಸೀಲಿಂಗ್ ಫ್ಯಾನನ್ನು ಒಂದು ಹಂತ ಇಳಿಸಿ. ತಂಬೂರಿಯ ಝೇಂಕಾರದ ಕೊನೆ ಎಳೆಯನ್ನು ನುಂಗಿಹಾಕುವುದು ಅದರ ಸದ್ದೇ.

ಕಣ್ಣು ಮುಚ್ಚಿ, ಬೆರಳು ತೋರಿಸಿ

ಈಗ ಮನೆಮಂದಿಗೆಲ್ಲ ಒಂದು ಆಟ. ಪಿ.ಬಿ. ಶ್ರೀನಿವಾಸ್ ಅವರು 1960ರ ದಶಕದಲ್ಲಿ ಹಾಡಿದ ಯಾವುದಾದರೂ ಚಿತ್ರಗೀತೆ ಹಾಕಿ. ಆ ಕಾಲದ ಚಿತ್ರಗೀತೆಗಳು ಮೊನೊ, ಅಂದರೆ ಒಂದೇ ದಾರಿಯ ಧ್ವನಿಮುದ್ರಣ. ಎಡಕ್ಕೂ ಬಲಕ್ಕೂ ಒಂದೇ ಸದ್ದು. ಆಮೇಲೆ ಕೃತಕವಾಗಿ ಸ್ಟೀರಿಯೊ ಮಾಡಿದ ಪ್ರತಿ ಬೇಡ. ಮಧ್ಯದ ಕುರ್ಚಿಯಲ್ಲಿ ಕುಳಿತವರು ಕಣ್ಣು ಮುಚ್ಚಿ, ಹಾಡುವವರು ಎಲ್ಲಿದ್ದಾರೆ ಎಂದು ಬೆರಳು ತೋರಿಸಲಿ. ಎಲ್ಲ ಸರಿಯಾಗಿದ್ದರೆ ಬೆರಳು ಎರಡು ಫಲಕಗಳ ನಟ್ಟನಡುವಿನ ಖಾಲಿ ಜಾಗದ ಕಡೆ ಹೋಗಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ದಾರದ ಅಳತೆ ಮತ್ತೆ ನೋಡಿ. ಬೆರಳು ತೋರಿಸಲಾಗದೆ 'ಎಲ್ಲೆಲ್ಲೂ ಇದ್ದಾರೆ' ಎಂದರೆ ಕೆಂಪು ಕಪ್ಪು ತಂತಿ ಪರೀಕ್ಷಿಸಿ.

ಏನೂ ಇಲ್ಲದ ಜಾಗದಿಂದ ದನಿ ಬರುವ ಈ ಬೆರಗಿನ ಹಿಂದೆ ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಅಲನ್ ಬ್ಲಮ್ಲೈನ್ ಎಂಬ ಇಂಜಿನಿಯರ್ ಇದ್ದಾರೆ. ಹೆಂಡತಿಯ ಜೊತೆ ಸಿನಿಮಾಕ್ಕೆ ಹೋಗಿದ್ದಾಗ, ಪರದೆಯ ಮೇಲಿನ ನಟ ಅತ್ತಿಂದಿತ್ತ ನಡೆದರೂ ಅವನ ದನಿ ಒಂದೇ ಕಡೆಯಿಂದ ಬರುವುದು ಅವರಿಗೆ ಸಹಿಸಲಾಗಲಿಲ್ಲವಂತೆ. 1931ರ ಡಿಸೆಂಬರಿನಲ್ಲಿ ಅವರು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ಇಂದಿನ ಸ್ಟೀರಿಯೊದ ಅಡಿಪಾಯವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ರೇಡಾರ್ ಪ್ರಯೋಗ ನಡೆಸುತ್ತಿದ್ದ ವಿಮಾನ ಬಿದ್ದು ಅವರು ತೀರಿಕೊಂಡರು. ಮಳಿಗೆಗಳಿಗೆ ಸ್ಟೀರಿಯೊ ಎಲ್.ಪಿ. ಬಂದದ್ದು ಐವತ್ತರ ದಶಕದ ಕೊನೆಗೆ.

ಮೊನೊ ಆಟ ಗೆದ್ದ ಮೇಲೆ ಸ್ಟೀರಿಯೊದಲ್ಲಿ ಮುದ್ರಿಸಿದ ಕಛೇರಿಯೊಂದನ್ನು ಹಾಕಿ. ಪಿಟೀಲು ಯಾವ ಕಡೆ, ಮೃದಂಗ ಯಾವ ಕಡೆ ಎಂದು ಮಕ್ಕಳು ಹೇಳಲಿ. ದಪ್ಪ ಸ್ವರ ಒಂದು ಕಡೆ ಗುಂಯ್‌ಗುಟ್ಟಿದರೆ ಅಥವಾ ಬಡಕಲಾದರೆ, ಫಲಕಗಳನ್ನೋ ಕುರ್ಚಿಯನ್ನೋ ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ ಸರಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಲ ಅದೇ ಹಾಡು. ಸರಿಹೋದ ದಿನ ನೆಲಕ್ಕೆ ಸಣ್ಣ ಅಂಟುಪಟ್ಟಿಯ ಗುರುತು ಹಾಕಿ. ಮರುದಿನ ಗುಡಿಸಲು ಫಲಕ ಸರಿಸಿದವರಿಗೆ ಅದು ವಾಪಸು ದಾರಿ ತೋರಿಸುತ್ತದೆ.

ಇವುಗಳ ಕೈಲಾಗದ್ದು

ಸಣ್ಣ ಫಲಕದಿಂದ ಎದೆ ನಡುಗಿಸುವ ಸದ್ದು ಬರುವುದಿಲ್ಲ. ಸುಮಾರು 50 ಹರ್ಟ್ಜಿನ ಕೆಳಗೆ ಅದರ ದನಿ ಕುಗ್ಗುತ್ತದೆ. ಹಿಂದಿನ ಸದ್ದು ಅಂಚು ಬಳಸಿ ಬಂದು ಮುಂದಿನದನ್ನು ಅಳಿಸುವುದೇ ಇದಕ್ಕೆ ಕಾರಣ. ಗಂಡಸರ ಶ್ರುತಿಯ ತಂಬೂರಿಯ ಮಂದ್ರ ಷಡ್ಜ 70 ಹರ್ಟ್ಜಿನ ಆಸುಪಾಸು, ಆದ್ದರಿಂದ ಸಂಗೀತ ಕಛೇರಿಗೆ ಕೊರತೆಯಿಲ್ಲ. ಸಿನಿಮಾದ ಬಾಂಬು, ಕುಣಿತದ ಹಾಡಿನ ದುಡುಂ ಬೇಕೆಂದರೆ ಮುಂದೆಂದಾದರೂ ಸಬ್‌ವೂಫರ್ ಸೇರಿಸಬೇಕು. ಇನ್ನೊಂದು ಮಿತಿ: ಒಳ್ಳೆಯ ಕುರ್ಚಿ ಒಂದೇ. ಪಕ್ಕದಲ್ಲಿ ಕುಳಿತವರಿಗೂ ಹಾಡು ಹಿತವಾಗಿಯೇ ಕೇಳುತ್ತದೆ, ಆದರೆ ಆ ನಟ್ಟನಡುವಿನ ಬೆರಗು ಸಿಗದು. ಸರದಿ ಪ್ರಕಾರ ಕೂರುವುದೇ ಇದಕ್ಕಿರುವ ನ್ಯಾಯ.

ಸುರಕ್ಷತೆಯ ಮಾತನ್ನೂ ಮರೆಯುವಂತಿಲ್ಲ. ಎತ್ತರದ ಫಲಕ ಉರುಳದಂತೆ ಪಾದ ಅಗಲವಾಗಿರಲಿ. ತೆವಳುವ, ಹಿಡಿದು ನಿಲ್ಲುವ ಮಗುವಿರುವ ಮನೆಯಲ್ಲಿ ಒಂದೆರಡು ವರ್ಷ ಕಾಯುವುದು ಒಳಿತು. ಬೆಕ್ಕಿಗೆ ಆ ಬಟ್ಟೆ ಉಗುರು ಮಸೆಯಲು ಬಹಳ ಇಷ್ಟವಾಗಬಹುದು. ಗುಂಡುಸೂಜಿ, ಹೊಲಿಗೆಸೂಜಿ ಹತ್ತಿರ ಸುಳಿಯಬಾರದು, ಅಯಸ್ಕಾಂತ ಎಳೆದುಕೊಂಡರೆ ಹಾಳೆ ಹರಿದೀತು. ನೇರ ಬಿಸಿಲು ಬೀಳದಿರಲಿ. ಬಿಸಿಲಿಗೆ, ವಯಸ್ಸಿಗೆ ಅಂಟು ಸಡಿಲವಾಗಿ ತಂತಿ ಹಾಳೆಯಿಂದ ಬಿಡುತ್ತದೆ. ಹಳೆಯ ಫಲಕ ಕೊಳ್ಳುವವರು ಇದನ್ನೇ ಮುಖ್ಯವಾಗಿ ಪರೀಕ್ಷಿಸಬೇಕು. ಪಿಯಾನೊದಂಥ ಒಂಟಿ ವಾದ್ಯದ ಹಾಡನ್ನು ಮೆಲ್ಲಗೂ ಜೋರಾಗಿಯೂ ಹಾಕಿ, ಒಂದೊಂದೇ ಫಲಕಕ್ಕೆ ಕಿವಿಗೊಡಿ. ಗಾಳಿಪಟದ ಬಾಲದಂತೆ 'ಬರ್‍ರ್' ಎಂದರೆ ತಂತಿ ಬಿಟ್ಟಿದೆ. ಬೆಲೆ ಎಷ್ಟೇ ಕಡಿಮೆಯಿದ್ದರೂ, ರಿಪೇರಿ ಮಾಡುವವರು ಸಿಗುವ ಭರವಸೆ ಇಲ್ಲದೆ ಅದನ್ನು ತರಬೇಡಿ.

ಕೊನೆಗೆ ಕಿವಿಯ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ದಾಟಬಾರದು. ಅದಕ್ಕಿಂತ ಜೋರಾದರೆ ಗಂಟೆಗಳೂ ಕಡಿಮೆಯಾಗಬೇಕು. ಸರಿಯಾದ ಜಾಗದಲ್ಲಿ ನಿಂತ ಫಲಕ ಮೆಲ್ಲಗೆ ಹಾಡಿದರೂ ಪ್ರತಿ ಅಕ್ಷರ ತಿಳಿಯುತ್ತದೆ, ಜೋರು ಮಾಡುವ ಆಸೆ ತಾನಾಗಿ ಕಡಿಮೆಯಾಗುತ್ತದೆ.

ಇಂದು ಮನೆಯಲ್ಲಿ ನಾಲ್ವರಿದ್ದರೆ ನಾಲ್ಕು ಜೊತೆ ಇಯರ್‌ಫೋನ್, ನಾಲ್ಕು ಬೇರೆ ಹಾಡು. ಹಾಲಿನ ನಡುವೆ ಜಾಗ ಬಿಟ್ಟುಕೊಡುವ ಸ್ಟೀರಿಯೊ ಬಂದರೆ, ವಾರಕ್ಕೆ ಒಂದು ಸಂಜೆಯಾದರೂ ಒಂದೇ ಹಾಡನ್ನು ನಾಲ್ವರೂ ಕೇಳಬಹುದು; ಅಜ್ಜನಿಗಿಷ್ಟವಾದದ್ದು ಒಂದು, ಮೊಮ್ಮಗಳಿಗಿಷ್ಟವಾದದ್ದು ಒಂದು. ಅಂಥ ಸಂಜೆ ನಿಮ್ಮ ಮನೆಗೆ ಬೇಕೆನಿಸಿದರೆ ಕೈಯಲ್ಲಿ ಚೆಕ್‌ಬುಕ್ ಹಿಡಿಯುವ ಮೊದಲು ಅಳತೆಪಟ್ಟಿ ಹಿಡಿಯಿರಿ. ರಟ್ಟಿನ ಪೆಟ್ಟಿಗೆಯನ್ನು ಈ ಭಾನುವಾರವೇ ಕತ್ತರಿಸಬಹುದು.